ನಲ್ಲಿ ಮುಚ್ಚಿದ ಮೇಲೆ

ಫೆಬ್ರವರಿ ೩

ಮಾವನವರಿಗೆ,

ನೀವು ಮಗಳ ಮನೆಗೆ ಹೋಗಿ ನಾಲ್ಕು ತಿಂಗಳಾಯಿತು. ಫೋನ್ ಮಾಡಿದಾಗಲೆಲ್ಲ ಅತ್ತಿಗೆಯೇ ಎತ್ತಿ, "ಅಪ್ಪ ಈಗ ಫೋನ್ ಮುಟ್ಟೋದೇ ಇಲ್ಲ ಕಣೆ, ಏನಿದ್ರೂ ಬರೆದು ಹಾಕು" ಎನ್ನುತ್ತಾರೆ. ಆದ್ದರಿಂದ ಬರೆಯುತ್ತಿದ್ದೇನೆ. ನನ್ನ ಬರವಣಿಗೆ ಏನಿದ್ದರೂ ಗಿರಾಕಿಗಳ ಸೊಂಟ, ತೋಳು, ಉದ್ದದ ಅಳತೆ ಗೀಚಿಕೊಳ್ಳುವಷ್ಟರದು. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ವಿಷಯ ಪೈಪಿನದು. ಸದ್ದು ಮೊದಲಿಗಿಂತ ಹೆಚ್ಚಾಗಿದೆ. ಅಡುಗೆಮನೆಯ ನಲ್ಲಿ ಮುಚ್ಚಿದರೆ ಇಡೀ ಮನೆ ಬೆಚ್ಚಿ ಬೀಳುತ್ತದೆ. ಮೊನ್ನೆ ಒಬ್ಬ ಗಿರಾಕಿಯನ್ನು ಸ್ಟೂಲಿನ ಮೇಲೆ ನಿಲ್ಲಿಸಿ, ಅವನು ಹಾಕಿಕೊಂಡಿದ್ದ ಹೊಸ ಪ್ಯಾಂಟಿನ ಅಂಚಿಗೆ ಪಿನ್ನು ಚುಚ್ಚುತ್ತಿದ್ದೆ. ಒಳಗೆ ನಿಮ್ಮ ಮಗ ಕೈ ತೊಳೆದು ನಲ್ಲಿ ಮುಚ್ಚಿದರು. ಧಡ್! ಆ ಮನುಷ್ಯ ಹಾರಿದ, ಪಿನ್ನು ಅವನ ಕಾಲಿಗೇ ಹೋಯಿತು. "ಏನಮ್ಮಾ, ಪ್ಯಾಂಟ್ ಹೊಲೀತೀಯೋ ಕಾಲು ಹೊಲೀತೀಯೋ?" ಎಂದು ಬೈದು, ಪ್ಯಾಂಟು ಬಿಚ್ಚಿಟ್ಟು ಹೋದವನು ಇವತ್ತಿನವರೆಗೂ ಬಂದಿಲ್ಲ.

ಕೂತಲ್ಲಿ ಕೂರಲಾಗುವುದಿಲ್ಲ, ನಿಂತಲ್ಲಿ ನಿಲ್ಲಲಾಗುವುದಿಲ್ಲ. ಯಾರಾದರೂ ನಲ್ಲಿ ತಿರುಗಿಸಿದರೆ ಸಾಕು, ಈಗ ಬಡಿಯುತ್ತದೆ, ಈಗ ಬಡಿಯುತ್ತದೆ ಎಂದು ಹೊಲಿಗೆ ಯಂತ್ರದ ಮೇಲಿನ ಕೈ ತನ್ನಷ್ಟಕ್ಕೆ ನಿಂತುಬಿಡುತ್ತದೆ. ಬಡಿದ ಮೇಲೆ ಒಂದು ನಿಮಿಷ ಸಮಾಧಾನ, ಆಮೇಲೆ ಮುಂದಿನದಕ್ಕೆ ಕಾಯುವುದು.

ನಿಮ್ಮ ಮಗ ಒಬ್ಬ ಕಂಟ್ರಾಕ್ಟರನನ್ನು ಕರೆತಂದಿದ್ದರು. ಅವನು ಗೋಡೆ ತಟ್ಟಿದ, ತಲೆ ಆಡಿಸಿದ, ಸೀಮೆಸುಣ್ಣದಲ್ಲಿ ಎಲ್ಲ ಕೋಣೆಗಳಲ್ಲೂ ಗೆರೆ ಎಳೆದ. ಮಾರ್ಚ್ ಇಪ್ಪತ್ತೈದಕ್ಕೆ ಗೋಡೆ ಸೀಳಿ, ನೀವು ಹಾಕಿದ ಪೈಪುಗಳನ್ನೆಲ್ಲ ಕಿತ್ತು, ಹೊಸವನ್ನು ಗೋಡೆಯ ಮೇಲೇ ಓಡಿಸುತ್ತಾನಂತೆ. ನಿಮ್ಮ ಮಗನಿಗೆ ನಾನು ಹೇಳಿ ನೋಡಿದೆ. ಅಂಗಡಿಗಳ ತಕ್ಕಡಿ ಪರೀಕ್ಷಿಸುವ ಇನ್ಸ್‌ಪೆಕ್ಟರು ಮನೆಯಲ್ಲೂ ಇನ್ಸ್‌ಪೆಕ್ಟರೇ. "ಕೆಟ್ಟಿದ್ದನ್ನ ಕೆಟ್ಟಿದೆ ಅನ್ಬೇಕು, ಯಾರು ಹಾಕಿದ್ರು ಅಂತ ನೋಡಬಾರ್ದು" ಎನ್ನುತ್ತಾರೆ.

ಈ ಮನೆಯ ಒಂದೊಂದು ಪೈಪನ್ನೂ ನೀವು ಕೈಯಾರೆ ಕೂರಿಸಿದ್ದು. ಅವನ್ನು ಕಿತ್ತು ರಾಶಿ ಹಾಕಿದ ಮೇಲೆ ನೀವು ಮತ್ತೆ ಇಲ್ಲಿಗೆ ಕಾಲಿಡುವುದಿಲ್ಲ ಎಂದು ನನಗೆ ಗೊತ್ತು. ಅದಕ್ಕೇ ಈ ಅವಸರ. ಸುತ್ತಿಗೆ ಬೀಳುವ ಮೊದಲು ಏನಾದರೂ ಮಾಡಬಹುದೇ, ತಿಳಿಸಿ. ಅವತ್ತು ಊಟದ ಹೊತ್ತಿನಲ್ಲಿ ನಡೆದದ್ದನ್ನು ಇಲ್ಲಿ ಎತ್ತುವುದಿಲ್ಲ.

ನಿಮ್ಮ ಉತ್ತರಕ್ಕೆ ಕಾಯುವ,
ಸೊಸೆ


ಫೆಬ್ರವರಿ ೧೧

ಸೊಸೆಗೆ,

ಕಾಗದ ತಲುಪಿತು. ಒಡೆಯಲಿ. ಮನೆ ಅವನದು, ಗೋಡೆ ಅವನದು, ಕಿವಿಯೂ ಅವನದು.

ಇಷ್ಟು ಬರೆದು ಮಡಿಸಿ ಇಟ್ಟಿದ್ದೆ. ಮೂರು ದಿನ ಮೇಜಿನ ಮೇಲೆ ಬಿದ್ದಿತ್ತು. ನಲವತ್ತು ವರ್ಷ ಇದೇ ಕೆಲಸ ಮಾಡಿದವನು, ಸುಮ್ಮನೆ ಹೇಗೆ ಕೂರಲಿ? ಬಿಚ್ಚಿ ಮುಂದಿನದನ್ನು ಬರೆಯುತ್ತಿದ್ದೇನೆ.

ನೀನು ಬರೀ ಸದ್ದು ಎಂದು ಬರೆದಿದ್ದೀಯ. ಡಾಕ್ಟರ ಹತ್ತಿರ ಹೋಗಿ ನೋವು, ನೋವು ಎಂದರೆ ಅವನು ಯಾವುದಕ್ಕೆ ಮದ್ದು ಕೊಡಬೇಕು? ತಲೆಗೋ, ಮಂಡಿಗೋ? ಧಡ್ ಎನ್ನುವುದು ಒಂದೇ ಸಲವೋ, ಮೂರು ಸಲವೋ? ನಲ್ಲಿ ತೆರೆದಾಗಲೋ, ನೀರು ಹರಿಯುವಾಗಲೋ, ಮುಚ್ಚಿದ ಮೇಲೋ? ತಣ್ಣೀರೋ ಬಿಸಿನೀರೋ? ಮೆಲ್ಲಗೆ ಮುಚ್ಚಿದರೂ ಬಡಿಯುತ್ತದೆಯೋ, ಫಕ್ಕನೆ ಮುಚ್ಚಿದರೆ ಮಾತ್ರವೋ? ಬೇರೆ ಸದ್ದುಗಳಿದ್ದರೆ ಅವನ್ನೂ ಹೀಗೆಯೇ ಬರೆ. ಮನೆ ಪೂರ್ತಿ ಒಂದು ಸುತ್ತು ಹಾಕು. ಅಂದಾಜಿನ ಮೇಲೆ ಬರೆಯಬೇಡ, ಬಟ್ಟೆ ಅಳೆದ ಹಾಗೆ ಬರೆ.

ಇದನ್ನು ನಾನು ಕೇಳಿದ್ದೇನೆಂದು ಅವನಿಗೆ ಹೇಳಬೇಕಾಗಿಲ್ಲ.

ಮಾವ


ಫೆಬ್ರವರಿ ೧೮

ಮಾವನವರಿಗೆ,

ಎರಡು ದಿನ ನೋಟ್‌ಬುಕ್ ಹಿಡಿದು ಮನೆಯೆಲ್ಲಾ ತಿರುಗಿದೆ. ನಿಮ್ಮ ಮಗ "ಏನೇ ಇದು, ಬಚ್ಚಲಲ್ಲಿ ಪಾಠ ಬರ್ಕೊಳ್ತಿದೀಯಾ?" ಎಂದು ಕೇಳಿದರು. ಹೊಸ ಪರದೆಯ ಅಳತೆ ಎಂದೆ. ಬಚ್ಚಲಿಗೆ ಪರದೆ ಎಲ್ಲಿಂದ ಬಂತು ಎಂದು ಅವರು ಕೇಳಲಿಲ್ಲ, ಪುಣ್ಯ.

ಅಡುಗೆಮನೆ: ತಣ್ಣೀರಿನ ನಲ್ಲಿ ಮುಚ್ಚಿದ ಕೂಡಲೇ ದೊಡ್ಡದೊಂದು ಧಡ್, ಅದರ ಹಿಂದೆ ಸಣ್ಣವು ಎರಡು, ಧಡ್ ದಡ್ ದಡ್. ಮೆಲ್ಲಗೆ ಮುಚ್ಚಿದರೆ ಬರುವುದಿಲ್ಲ. ಆದರೆ ಮೆಲ್ಲಗೆ ಮುಚ್ಚಲು ನಾನು ಮರೆಯುತ್ತೇನೆ, ನಿಮ್ಮ ಮಗನಿಗೆ ಮೆಲ್ಲಗೆ ಎಂಬುದೇ ಗೊತ್ತಿಲ್ಲ. ಬಟ್ಟೆ ಒಗೆಯುವ ಯಂತ್ರ ನೀರು ತೆಗೆದುಕೊಂಡು ನಿಲ್ಲಿಸಿದಾಗಲೂ ಹೀಗೆಯೇ, ಅದಕ್ಕಂತೂ ಮೆಲ್ಲಗೆ ಎಂದು ಹೇಳುವ ಹಾಗಿಲ್ಲ.

ಬಚ್ಚಲು: ತಣ್ಣೀರಿನ ನಲ್ಲಿ ಅರ್ಧ ತೆರೆದರೆ ಕೀ ಎಂದು ಸಿಳ್ಳೆ ಹಾಕುತ್ತದೆ. ಪೂರ್ತಿ ತೆರೆದರೆ ಬಾಯಿ ಮುಚ್ಚುತ್ತದೆ. ಬಿಸಿನೀರು ನಿಲ್ಲಿಸಿದ ಮೇಲೆ ಗೋಡೆಯೊಳಗೆ ಟಿಕ್, ಟಿಕ್, ಟಿಕ್, ಬರಬರುತ್ತ ನಿಧಾನವಾಗಿ ನಿಲ್ಲುತ್ತದೆ.

ಪಾಯಿಖಾನೆಯ ಟ್ಯಾಂಕು ತುಂಬುತ್ತ ಬಂದ ಹಾಗೆ ಗುಂಯ್ ಎನ್ನುತ್ತದೆ, ಕೊನೆಗೆ ನಡುಗಿ ನಿಲ್ಲುತ್ತದೆ.

ಇಗೋ, ಬರೆಯುತ್ತಿರುವಾಗಲೇ ಒಂದು ಬಡಿಯಿತು. ಅಕ್ಷರ ಓರೆಯಾಗಿದ್ದು ನಿಮಗೇ ಕಾಣುತ್ತದೆ.

ಇನ್ನೊಂದು ವಿಷಯ. ನಿಮ್ಮ ಸಾಮಾನಿನ ಪೆಟ್ಟಿಗೆ ತೆಗೆದೆ, ಸ್ಪ್ಯಾನರು ಯಾವುದು ಎಲ್ಲಿದೆ ಎಂದು ನೋಡಲು. ಮರದ ಹಿಡಿಯ ಆ ಉದ್ದ ಸ್ಕ್ರೂಡ್ರೈವರಿನ ಹಿಡಿಯ ತುಂಬ ಹಲ್ಲಿನ ಗುರುತಿದೆ. ಇಲಿ ಕಡಿದಿರಬೇಕು ಎಂದುಕೊಂಡೆ. ಆದರೆ ಇಲಿಗೆ ಅಷ್ಟು ಅಗಲದ ಹಲ್ಲಿರುವುದಿಲ್ಲ. ಪೈಪಿನ ಸದ್ದು ಕೇಳಲು ನೀವು ಅದರ ಹಿಡಿಯನ್ನು ಕಿವಿಗೆ ಇಟ್ಟುಕೊಳ್ಳುತ್ತಿದ್ದುದು ನನಗೆ ನೆನಪಿದೆ. ಈಚೆಗೆ ಕಚ್ಚಿಕೊಂಡು ನಿಲ್ಲುತ್ತಿದ್ದಿರಿ. ಯಾಕೆ?

ಸೊಸೆ


ಫೆಬ್ರವರಿ ೨೬

ಸೊಸೆಗೆ,

ಈ ಸಲ ಬರೆದದ್ದು ಕಾಗದ. ನಿನ್ನ ಗಂಡನಿಗಿಂತ ನಿನಗೇ ಈ ಕೆಲಸ ಚೆನ್ನಾಗಿ ಬರುತ್ತಿತ್ತು.

ಟಿಕ್ ಟಿಕ್ ಕಾಯಿಲೆಯಲ್ಲ. ಬಿಸಿ ಪೈಪು ತಣ್ಣಗಾಗುತ್ತ ಮೈ ಕುಗ್ಗಿಸುತ್ತದೆ, ಇಟ್ಟಿಗೆಗೆ ಉಜ್ಜುತ್ತದೆ. ಬಿಟ್ಟುಬಿಡು. ಸಿಳ್ಳೆ ಹಾಕುವುದು ನಲ್ಲಿಯೊಳಗಿನ ಸವೆದ ವಾಷರು. ಪೆಟ್ಟಿಗೆಯಲ್ಲಿ ತಗಡಿನ ಡಬ್ಬಿಯಿದೆ, ಅದರಲ್ಲಿ ಎಲ್ಲ ಅಳತೆಯವೂ ಇವೆ. ಹಳೆಯದನ್ನು ಬಿಚ್ಚಿ ಅಷ್ಟೇ ಗಾತ್ರದ್ದು ಹಾಕು. ಟ್ಯಾಂಕಿನದು ತೇಲುವ ಚೆಂಡಿನ ವಾಲ್ವು. ನೀರು ನಿಲ್ಲುವ ಹೊತ್ತಿಗೆ ಅದು ಅಲುಗಾಡುತ್ತದೆ. ಅದಕ್ಕೂ ಒಂದು ರಬ್ಬರು ಬದಲಿಸಿದರೆ ಮುಗಿಯಿತು.

ಇನ್ನು ಧಡ್. ಅಡುಗೆಮನೆಗೆ ಒಂದೇ ಹಿಡಿಯ ಹೊಸ ನಲ್ಲಿ ಯಾರು ಹಾಕಿಸಿದ್ದು? ಎತ್ತಿದರೆ ನೀರು, ಒತ್ತಿದರೆ ಬಂದ್. ನೋಡಲು ಚೆಂದ, ಪೈಪಿಗೆ ಶತ್ರು. ಹಳೆಯ ನಲ್ಲಿ ನಾಲ್ಕು ಸುತ್ತು ತಿರುಗಿಸಿದರೆ ತಾನೇ ಮುಚ್ಚುತ್ತಿತ್ತು, ನೀರಿಗೂ ನಿಲ್ಲಲು ಪುರಸೊತ್ತಿತ್ತು.

ಆದರೆ ಅದೊಂದೇ ಕಾರಣವಲ್ಲ. ಪ್ರತಿ ನಲ್ಲಿಯ ಹಿಂದೆ, ಗೋಡೆಯೊಳಗೆ, ಗೇಣುದ್ದದ ಒಂದು ಪೈಪನ್ನು ನೆಟ್ಟಗೆ ನಿಲ್ಲಿಸಿ ತಲೆ ಮುಚ್ಚಿದ್ದೇನೆ. ಅದರೊಳಗೆ ಬರೀ ಗಾಳಿ. ನಲ್ಲಿ ಫಕ್ಕನೆ ಮುಚ್ಚಿದರೆ ಓಡಿ ಬರುವ ನೀರು ಆ ಗಾಳಿಗೆ ಹೋಗಿ ಒರಗುತ್ತದೆ, ಗಾಳಿ ದಿಂಬಿನ ಹಾಗೆ ಕುಗ್ಗಿ ಅದನ್ನು ತಡೆಯುತ್ತದೆ. ಕಾಲ ಕಳೆದಂತೆ ನೀರು ಆ ಗಾಳಿಯನ್ನು ನುಂಗಿಬಿಡುತ್ತದೆ. ಆಮೇಲೆ ದಿಂಬಿಲ್ಲ, ತಲೆ ನೇರ ಗೋಡೆಗೆ.

ನಿನಗೆ ನೆನಪಿರಬೇಕು. ಆಗಾಗ ಒಂದು ಬೆಳಿಗ್ಗೆ ನಾನು ಗೇಟಿನ ಹತ್ತಿರದ ವಾಲ್ವು ಮುಚ್ಚಿ, ಮನೆಯ ನಲ್ಲಿಗಳನ್ನೆಲ್ಲ ತೆರೆದಿಡುತ್ತಿದ್ದೆ. ನಿನ್ನ ಅತ್ತೆ ಬದುಕಿದ್ದಾಗ "ಶುರುವಾಯ್ತು ಇವರ ಹುಚ್ಚು" ಎಂದು ಬೈಯುತ್ತಿದ್ದಳು. ಪೈಪು ಬರಿದಾದರೆ ಗಾಳಿ ತನ್ನ ಜಾಗಕ್ಕೆ ಬಂದು ಕೂರುತ್ತದೆ, ಅಷ್ಟೇ ಅದರ ಗುಟ್ಟು. ಇದನ್ನು ತಾರೀಖು ನೋಡಿ ಮಾಡುತ್ತಿರಲಿಲ್ಲ. ಮೊದಲ ಸಣ್ಣ ಟಪ್ ಕಿವಿಗೆ ಬಿದ್ದ ದಿನ ಮಾಡುತ್ತಿದ್ದೆ. ಮೂರು ವರ್ಷದಿಂದ ಮಾಡಿಲ್ಲ.

ಅವನು ಕೆಲಸಕ್ಕೆ ಹೋದ ಮೇಲೆ ಮಾಡು. ವಾಲ್ವು ಮುಚ್ಚಿ, ಎಲ್ಲ ನಲ್ಲಿ ತೆರೆದು, ಹಿತ್ತಲಿನದನ್ನು ಕೊನೆಗೆ ತೆರೆ, ಅದೇ ಎಲ್ಲಕ್ಕಿಂತ ತಗ್ಗಿನದು. ಹನಿ ನಿಲ್ಲುವವರೆಗೂ ಕಾಯಬೇಕು. ಆಮೇಲೆ ನಲ್ಲಿಗಳನ್ನು ಮುಚ್ಚಿ, ವಾಲ್ವನ್ನು ಕಾಲು ಕಾಲು ಸುತ್ತಾಗಿ ತಿರುಗಿಸು. ಅವಸರ ಮಾಡಿದರೆ ಮಾಡಿದ್ದೆಲ್ಲ ನೀರುಪಾಲು.

ಸ್ಕ್ರೂಡ್ರೈವರಿನ ಪ್ರಶ್ನೆಗೆ ಉತ್ತರ ಬರೆಯುವುದಿಲ್ಲ. ತಿಳಿಯಲೇಬೇಕೆಂದಿದ್ದರೆ ಕಿವಿಗೆ ಹತ್ತಿ ತುರುಕಿ, ತುದಿಯನ್ನು ಪೈಪಿಗೆ ಒತ್ತಿ, ಹಿಡಿಯನ್ನು ಕಚ್ಚಿ ನೋಡು.

ಮಾವ


ಮಾರ್ಚ್ ೬

ಮಾವನವರಿಗೆ,

ಹೊಸ ನಲ್ಲಿ ಹಾಕಿಸಿದವಳು ನಾನೇ. ಬೈದದ್ದು ಸರಿಯಾದ ವಿಳಾಸಕ್ಕೇ ಬಂತು.

ಮಂಗಳವಾರ ಮಾಡಿದೆ. ವಾಲ್ವು ಮೊದಲು ಜಪ್ಪಯ್ಯ ಎಂದರೂ ಅಲುಗಲಿಲ್ಲ. ನಿಮ್ಮ ದೊಡ್ಡ ಸ್ಪ್ಯಾನರಿನಿಂದ ತಿರುಗಿಸಿ ಗೆದ್ದೆ. ಹನಿ ನಿಲ್ಲುವವರೆಗೂ ಕೂತು ಕಾಯಲು ನನ್ನಿಂದ ಆಗಲಿಲ್ಲ. ಅಡುಗೆಮನೆಯಿಂದ ಹಿತ್ತಲಿಗೆ, ಹಿತ್ತಲಿಂದ ಬಚ್ಚಲಿಗೆ ಎಷ್ಟು ಸಲ ಓಡಾಡಿದೆನೋ. ನೀರು ಬಿಟ್ಟ ಮೇಲೆ ನಲ್ಲಿಗಳೆಲ್ಲ ಸಿಟ್ಟಾದ ಬೆಕ್ಕಿನ ಹಾಗೆ ಫುಸ್ ಫುಸ್ ಎಂದವು. ಆಮೇಲೆ ಅಡುಗೆಮನೆಯ ನಲ್ಲಿಯನ್ನು ತೆರೆದು, ಕಣ್ಣು ಮುಚ್ಚಿಕೊಂಡು, ಫಕ್ಕನೆ ಒತ್ತಿದೆ.

ಧಡ್ ಇಲ್ಲ! ಮತ್ತೆ ಒತ್ತಿದೆ. ಇಲ್ಲ. ಹುಚ್ಚಿಯ ಹಾಗೆ ಇಪ್ಪತ್ತು ಸಲ ತೆರೆದು ಮುಚ್ಚಿದೆ. ಖುಷಿಯಲ್ಲಿ ಒಬ್ಬಳೇ ಕುಣಿದೆ, ಬೇಕಾದರೆ ನಗಿ. ವಾಷರುಗಳನ್ನೂ ಬದಲಿಸಿದೆ, ಸಿಳ್ಳೆ ನಿಂತಿದೆ, ಟ್ಯಾಂಕೂ ಸುಮ್ಮನಾಗಿದೆ.

ಆದರೆ ಒಂದು ಉಳಿದಿದೆ. ಬಟ್ಟೆ ಯಂತ್ರ ನೀರು ನಿಲ್ಲಿಸಿದಾಗ ಬಚ್ಚಲ ಗೋಡೆಯೊಳಗೆ ದಬ್ ಎಂದು ಒಂದೇ ಒಂದು ಸಲ, ಮೆತ್ತಗೆ. ನಿಮ್ಮ ಮಗನಿಗೆ ಅದೂ ಕೇಳಿಸಿತು. "ಕಮ್ಮಿ ಆಗಿದೆ, ಹೋಗಿಲ್ಲ. ಇಪ್ಪತ್ತೈದಕ್ಕೆ ಅವ್ರು ಬರ್ತಾರೆ" ಎಂದರು. ತಕ್ಕಡಿಯಲ್ಲಿ ಒಂದು ಗ್ರಾಂ ಕಮ್ಮಿಯಿದ್ದರೂ ಅವರಿಗೆ ಮೋಸವೇ.

ಆ ಗೋಡೆಯ ಹತ್ತಿರವೇ ನಾನು ಕಿವಿಗೆ ಹತ್ತಿ ತುರುಕಿ, ಸ್ಕ್ರೂಡ್ರೈವರ್ ಕಚ್ಚಿ ನೋಡಿದ್ದು. ಹೊರಗಿನ ಲೋಕ ಪೂರ್ತಿ ನಿಂತುಹೋಗಿತ್ತು. ಆದರೆ ನೀರು ನನ್ನ ತಲೆಯೊಳಗೇ ಹರಿಯಿತು. ಹಲ್ಲಿನಿಂದ ದವಡೆಗೆ, ದವಡೆಯಿಂದ ಕಿವಿಯ ಹಿಂದಕ್ಕೆ. ಸ್ಕ್ರೂಡ್ರೈವರ್ ಕೈಯಲ್ಲಿ ಹಿಡಿದು ಅಲ್ಲೇ ನೆಲದ ಮೇಲೆ ಕೂತೆ.

ಮಾವ, ಎತ್ತುವುದಿಲ್ಲ ಎಂದಿದ್ದೆ, ಎತ್ತುತ್ತೇನೆ. ಅವತ್ತು ಊಟದ ಹೊತ್ತಿನಲ್ಲಿ ನೀವು ಇದೇ ಗೋಡೆಗೆ ಆಚೆ ಕಡೆಯಿಂದ ಬೆನ್ನು ಕೊಟ್ಟು ನಿಂತಿದ್ದಿರಿ. ನಾನು ನಲ್ಲಿ ಮುಚ್ಚಿ ಬಂದೆ. ನಿಮ್ಮ ಬೆನ್ನ ಹಿಂದೆಯೇ ಪೈಪು ಮೂರು ಸಲ ಬಡಿಯಿತು. "ಈಗ್ಲಾದ್ರೂ ಒಪ್ಕೋ ಅಪ್ಪಾ, ನಿನ್ನ ಕೆಲ್ಸ ಸರಿ ಇಲ್ಲ" ಎಂದರು ಅವರು. "ಎಲ್ಲಿ? ಸದ್ದೇ ಇಲ್ವಲ್ಲೋ" ಎಂದಿರಿ ನೀವು. ನಾನು ನಕ್ಕುಬಿಟ್ಟೆ. ನೀವು ಹಟಕ್ಕೆ ಹಾಗೆನ್ನುತ್ತಿದ್ದೀರಿ ಎಂದುಕೊಂಡು ನಕ್ಕೆ. ನೀವು ನನ್ನ ಮುಖವನ್ನೇ ನೋಡಿದಿರಿ. ಮರುದಿನ ಬ್ಯಾಗು ಹಿಡಿದು ಹೊರಟಿರಿ.

ಆ ನಗು ಎದೆಯಲ್ಲಿ ಮುಳ್ಳಾಗಿದೆ. ನಿಮಗೆ ಯಾವಾಗಿನಿಂದ ಕೇಳಿಸುತ್ತಿಲ್ಲ?

ತಪ್ಪು ಮಾಡಿದ,
ನಿಮ್ಮ ಸೊಸೆ


ಮಾರ್ಚ್ ೧೭

ಮಾವನವರಿಗೆ,

ಹನ್ನೊಂದು ದಿನವಾಯಿತು, ನಿಮ್ಮಿಂದ ಸುದ್ದಿಯಿಲ್ಲ. ಟಪಾಲಿನವನು ನಮ್ಮ ಗೇಟು ದಾಟಿ ಹೋಗುವಾಗ ಈಗ ನನ್ನ ಮುಖ ನೋಡುವುದಿಲ್ಲ. ಕೇಳಬಾರದ್ದನ್ನು ಕೇಳಿದೆನೇನೋ. ಕೇಳಿದ್ದು ಕೇಳಿಯಾಯಿತು, ವಾಪಸು ತೆಗೆದುಕೊಳ್ಳುವುದಿಲ್ಲ.

ಕಂಟ್ರಾಕ್ಟರ್ ನಿನ್ನೆ ಬಂದು ಸಿಮೆಂಟಿನ ಚೀಲ ಇಳಿಸಿ ಹೋದ. ಇನ್ನು ಎಂಟೇ ದಿನ. ಎರಡು ಕೋಟು ಹೊಲಿಯಲು ಕತ್ತರಿಸಿಟ್ಟಿದ್ದೇನೆ, ಒಂದರ ಎಡತೋಳನ್ನು ಇನ್ನೊಂದಕ್ಕೆ ಕೂರಿಸಿದೆ. ಬಿಚ್ಚಿದೆ. ಮತ್ತೆ ಅದನ್ನೇ ಕೂರಿಸಿದೆ.

ಬೈದಾದರೂ ಒಂದು ಸಾಲು ಬರೆಯಿರಿ.

ಸೊಸೆ


ಮಾರ್ಚ್ ೧೮

ತಾಯಿ,

ನಿನ್ನ ದೊಡ್ಡ ಕಾಗದಕ್ಕೆ ನಾಲ್ಕು ಸಲ ಉತ್ತರ ಬರೆದು ಹರಿದೆ. ಇದು ಐದನೆಯದು. ಇದನ್ನು ಓದುವ ಮೊದಲೇ ಮಗಳ ಕೈಯಲ್ಲಿ ಟಪಾಲಿಗೆ ಹಾಕಿಸುತ್ತೇನೆ, ಓದಿದರೆ ಇದನ್ನೂ ಹರಿಯುತ್ತೇನೆ.

ಆರು ವರ್ಷವಾಯಿತು. ಮೊದಲು ಬಲಗಿವಿ. ಎಡಗಿವಿ ಇತ್ತು, ಯಾರಿಗೂ ಗೊತ್ತಾಗಲಿಲ್ಲ. ಆಮೇಲೆ ಅದೂ ಮಂಕಾಯಿತು. ಸ್ಕ್ರೂಡ್ರೈವರಿನ ಹಿಡಿಯನ್ನು ಕಚ್ಚಿದರೆ ಪೈಪು ಮಾತ್ರ ಕೇಳುತ್ತದೆಂದು ಒಂದು ದಿನ ಅಕಸ್ಮಾತ್ತಾಗಿ ತಿಳಿಯಿತು. ಹಾಗೆ ಎರಡು ವರ್ಷ ಕೆಲಸ ಮಾಡಿದೆ. ಜನ "ಮೇಸ್ತ್ರಿಗೆ ವಯಸ್ಸಾಯ್ತು, ಸಾಮಾನು ಬಾಯಲ್ಲಿ ಇಟ್ಕೋತಾನೆ" ಎಂದು ನಕ್ಕರು. ನಾನೂ ನಕ್ಕೆ. ಕಡೆಗೆ ಹಲ್ಲಿಗೂ ಕೇಳುವುದು ನಿಂತಿತು, ಕೆಲಸ ಬಿಟ್ಟೆ. ಮಂಡಿನೋವು ಎಂದು ಹೇಳಿ ಬಿಟ್ಟೆ. ಇಲ್ಲಿ ಮಗಳು ಕಿವಿಗೆ ಯಂತ್ರ ಹಾಕಿಸಿದಳು. ಅದರಲ್ಲಿ ತಟ್ಟೆಯ ಸದ್ದು, ಬಸ್ಸಿನ ಸದ್ದು, ಅವಳ ಮಾತು, ಎಲ್ಲ ಒಂದೇ ರಾಶಿ. ತೆಗೆದಿಟ್ಟಿದ್ದೇನೆ.

ನಿನ್ನ ನಗುವಿನಲ್ಲಿ ತಪ್ಪಿಲ್ಲ. ಸದ್ದಿರುವ ಗೋಡೆಗೆ ಒರಗಿ ಸದ್ದಿಲ್ಲ ಎನ್ನುವವನನ್ನು ನೋಡಿ ಯಾರಾದರೂ ನಗಬೇಕಾದ್ದೇ. ನಿನ್ನ ಮುಖ ನೋಡಿ ನನಗೆ ತಿಳಿಯಿತು, ನನ್ನ ಹಿಂದೆ ಏನೋ ಬಡಿದಿದೆ ಎಂದು. ಆಗಲೇ ಹೇಳಬಹುದಿತ್ತು. ಸದ್ದು ಕೇಳಿ ರೋಗ ಹೇಳುವವನು ಎಂದು ಊರೆಲ್ಲ ಹೆಸರು ಮಾಡಿದವನಿಗೆ ಅದನ್ನು ಹೇಳಲು ಬಾಯಿ ಬರಲಿಲ್ಲ. ಜಾಗ ಖಾಲಿ ಮಾಡುವುದು ಸುಲಭವಾಗಿ ಕಂಡಿತು.

ಈಗ ಆ ಉಳಿದ ದಬ್. ಅದು ಯಾವುದೆಂದು ನನಗೆ ಮೂವತ್ತನಾಲ್ಕು ವರ್ಷದಿಂದ ಗೊತ್ತು.

ಮನೆ ಕಟ್ಟುವಾಗ ಬಚ್ಚಲ ಗೋಡೆಯ ಪೈಪನ್ನು ನಿಲ್ಲಿಸಿ, ಅದನ್ನು ಬಿಗಿಯುವ ಕಬ್ಬಿಣದ ಪಟ್ಟಿಗಳನ್ನು ಹಾಕುತ್ತಿದ್ದೆ. ಮೇಲಿನದು, ಕೆಳಗಿನದು ಆಯಿತು. ನಡುವಿನದು ಬಾಕಿ. ಅಷ್ಟರಲ್ಲಿ ನಿನ್ನ ಅತ್ತೆಗೆ ಹೆರಿಗೆ ನೋವು ಬಂದಿದೆ ಎಂದು ಹೇಳಿಕಳಿಸಿದರು. ಎಲ್ಲ ಅಲ್ಲೇ ಬಿಟ್ಟು ಓಡಿದೆ. ಅವನು ಹುಟ್ಟಿದ. ಎರಡು ದಿನ ಬಿಟ್ಟು ಬಂದರೆ ಗಾರೆಯವನು ಗೋಡೆ ಮುಚ್ಚಿ ನುಣ್ಣಗೆ ಮಾಡಿದ್ದ. ಒಡೆಸಬೇಕಿತ್ತು. ಗಿರಾಕಿಯ ಮನೆಯಾಗಿದ್ದರೆ ಒಡೆಸುತ್ತಿದ್ದೆ. ಮಗ ಹುಟ್ಟಿದ ಖುಷಿಯಲ್ಲಿ "ಇರ್ಲಿ ಬಿಡೋ" ಎಂದೆ. ನನ್ನ ಜೀವಮಾನದಲ್ಲಿ ಇರಲಿ ಬಿಡು ಎಂದ ಕೆಲಸ ಅದೊಂದೇ. ಗಾಳಿಯ ದಿಂಬು ಸರಿಯಿದ್ದಷ್ಟು ದಿನ ಅದು ಸುಮ್ಮನಿತ್ತು. ಮೂರು ವರ್ಷ ಬಡಿದು ಬಡಿದು ಈಗ ಸಡಿಲವಾಗಿದೆ, ಗಾಳಿ ತುಂಬಿದರೂ ಅಲುಗುತ್ತದೆ.

ಬಚ್ಚಲ ಬಾಗಿಲ ಚೌಕಟ್ಟಿನಿಂದ ಎಡಕ್ಕೆ ಎರಡಡಿ ಮೂರಿಂಚು, ನೆಲದಿಂದ ನಾಲ್ಕಡಿ. ಅಲ್ಲಿ ಒಂದು ಕೈಯಗಲ ಒಡೆದರೆ ಸಾಕು, ಪಟ್ಟಿ ಹಾಕಿ ಬಿಗಿಯಬಹುದು. ಮನೆಯನ್ನೆಲ್ಲ ಸೀಳಬೇಕಾಗಿಲ್ಲ.

ಈ ಕಾಗದವನ್ನು ಅವನಿಗೆ ಓದಲು ಕೊಡು. ನನ್ನ ಕೆಲಸ ಸರಿಯಿಲ್ಲ ಎಂದು ಅವನು ಅಂದದ್ದು ನಿಜ. ಒಪ್ಪಿದ್ದೇನೆ.

ಆದರೆ ಬನ್ನಿ ಎಂದು ಕರೆಯಬೇಡಿ. ನೀವಿಬ್ಬರೂ ಮಾತಾಡುವಾಗ ನಾನು ಬಾಯಿಗಳನ್ನು ನೋಡುತ್ತ ಕೂರಬೇಕು, ನನಗೊಂದು ಲೋಟ ನೀರು ಬೇಕೇ ಎಂದು ಕೇಳಲು ನೀವು ಗಂಟಲು ಹರಿದುಕೊಳ್ಳಬೇಕು. ಇಲ್ಲಿ ಮಗಳೂ ಹಾಗೇ ಸುಸ್ತಾಗಿದ್ದಾಳೆ, ಆದರೂ ಹೇಳುವುದಿಲ್ಲ. ಆ ಮನೆಯಲ್ಲಿ ಪೈಪು ನೋಡಿಕೊಳ್ಳುವವನು ನಾನು. ಅದೂ ಆಗದಿದ್ದ ಮೇಲೆ ಅಲ್ಲಿ ನನಗೇನು ಕೆಲಸ?

ಮಾವ


ಮಾರ್ಚ್ ೨೮

ಮಾವ,

ಓದಲು ಕೊಟ್ಟೆ. ನಿಂತೇ ಓದಿದರು. ಎರಡನೆಯ ಸಲ ಕೂತು ಓದಿದರು. "ಅಪ್ಪಂಗೆ ಕೇಳ್ಸಲ್ವಾ?" ಎಂದು ನನ್ನನ್ನು ಕೇಳಿದರು, ನಾನು ಮುಚ್ಚಿಟ್ಟ ಹಾಗೆ. ಆಮೇಲೆ ಬಚ್ಚಲಿಗೆ ಹೋಗಿ ನಲ್ಲಿ ತೆರೆದರು, ಮುಚ್ಚಿದರು, ತೆರೆದರು, ಮುಚ್ಚಿದರು. ನಾನು ಅಡುಗೆಮನೆಯಲ್ಲಿ ನಿಂತು ಎಣಿಸುತ್ತಿದ್ದೆ. ಹೊರಗೆ ಬಂದವರೇ ಕಂಟ್ರಾಕ್ಟರನಿಗೆ ಫೋನ್ ಮಾಡಿ, "ಬರೋದು ಬೇಡ. ಸಿಮೆಂಟ್ ಇರ್ಲಿ, ಒಂದು ಮುಷ್ಟಿ ಬೇಕಾಗತ್ತೆ" ಎಂದರು.

ಭಾನುವಾರ ಗೋಡೆ ತೆರೆದರು. ನಿಮ್ಮ ಅಳತೆಯನ್ನು ಮೂರು ಸಲ ಅಳೆದು ಗುರುತು ಹಾಕಿದರು. ಇಟ್ಟಿಗೆ ಬಿಡಿಸಿದರೆ ಪಟ್ಟಿ ಇರಬೇಕಾದ ಜಾಗ ಸರಿಯಾಗಿ ಅಲ್ಲೇ, ಬರಿದು. "ಒಂದಿಂಚೂ ಆಚೀಚೆ ಇಲ್ಲ ಕಣೇ" ಎಂದು ನನ್ನನ್ನು ಕೂಗಿ ತೋರಿಸಿದರು. ಪೈಪು ಇಟ್ಟಿಗೆಗೆ ಬಡಿದ ಕಡೆ ಸವೆದು ಹೊಳೆಯುತ್ತಿತ್ತು. ಅದರ ಮೇಲೆ ಹೆಬ್ಬೆರಳು ಇಟ್ಟುಕೊಂಡು, "ನಾನು ಹುಟ್ಟಿದ ದಿನ" ಎಂದರು. ಅತ್ತರು, ಮಾವ. ಧೂಳು ಬಿತ್ತು ಎಂದರು. ಎರಡೂ ಕಣ್ಣಿಗೆ ಒಟ್ಟಿಗೆ ಬೀಳುವ ಧೂಳನ್ನು ನಾನಂತೂ ನೋಡಿಲ್ಲ.

ಪಟ್ಟಿ ಹಾಕಿ ಬಿಗಿದಾಯಿತು, ಗೋಡೆ ಮುಚ್ಚಿದ್ದೂ ಆಯಿತು. ಗಾರೆ ಸ್ವಲ್ಪ ಉಬ್ಬಿದೆ, ನೀವು ನೋಡಿದರೆ ಬೈಯುತ್ತೀರಿ. ಈಗ ಮನೆಯಲ್ಲಿ ಒಂದು ಚೂರೂ ಸದ್ದಿಲ್ಲ. ಯಂತ್ರ ಓಡಿಸಿ ನೋಡಿದೆ, ಎರಡು ನಲ್ಲಿ ಒಟ್ಟಿಗೆ ಮುಚ್ಚಿ ನೋಡಿದೆ. ಏನೂ ಇಲ್ಲ. ನಿಮ್ಮ ಪೈಪುಗಳು ಎಲ್ಲಿದ್ದವೋ ಅಲ್ಲೇ ಇವೆ.

ಇಷ್ಟಾದರೂ ನನ್ನ ಚಡಪಡಿಕೆ ಹೋಗಿಲ್ಲ. ಕರೆಯಬೇಡಿ ಎಂದಿದ್ದೀರಿ, ಕರೆಯುತ್ತೇನೆ, ಏನು ಮಾಡುತ್ತೀರಿ? ಎರಡು ತಿಂಗಳಿಂದ ನಾವಿಬ್ಬರೂ ಒಂದು ಮಾತನ್ನೂ ಆಡದೆ ಎಷ್ಟೊಂದು ಮಾತಾಡಿದ್ದೇವೆ. ಬನ್ನಿ. ನಿಮ್ಮ ಮಗ ಬಾಯಿಬಿಟ್ಟು ಬನ್ನಿ ಎನ್ನುವ ಪೈಕಿಯಲ್ಲ. ಈಗ ಮೇಜಿನ ಆ ತುದಿಯಲ್ಲಿ ಕೂತು, ಪರೀಕ್ಷೆ ಬರೆಯುವವರ ಹಾಗೆ ಮೊಣಕೈ ಅಡ್ಡ ಇಟ್ಟು ಏನೋ ಬರೆಯುತ್ತಿದ್ದಾರೆ. ಇಣುಕಿದರೆ ಮುಚ್ಚಿಕೊಳ್ಳುತ್ತಾರೆ.

ದಾರಿ ನೋಡುವ,
ಸೊಸೆ


ಮಾರ್ಚ್ ೨೮

ಅಪ್ಪಾ,

ಕಾಗದ ಓದಿದೆ. ನೀನು ಹೇಳಿದಲ್ಲಿ ಒಡೆದು ಪಟ್ಟಿ ಹಾಕಿದೆ. ಆದರೆ ತೊಂದರೆ ಪೂರ್ತಿ ಹೋಗಿಲ್ಲ.

ಹೊಸದೊಂದು ಸದ್ದು ಶುರುವಾಗಿದೆ. ನಡುಮನೆಯಲ್ಲಿ ಕಿಟಕಿಯ ಪಕ್ಕ, ನಿನ್ನ ಕುರ್ಚಿ ಇದೆಯಲ್ಲ, ಅದರ ಹಿಂದಿನ ಗೋಡೆಯಲ್ಲಿ. ಮನೆಯ ನಲ್ಲಿಗಳನ್ನೆಲ್ಲ ಮುಚ್ಚಿದ ಮೇಲೆ ಬರುತ್ತದೆ. ಗೇಟಿನ ವಾಲ್ವನ್ನೂ ಮುಚ್ಚಿ ನೋಡಿದೆ, ಆಗಲೂ ಬರುತ್ತದೆ. ದಿನಾ ನಾವು ಊಟಕ್ಕೆ ಕೂತಾಗ, ಧಡ್ ಧಡ್ ಧಡ್ ಎಂದು ಮೂರು ಸಲ. ತಣ್ಣೀರಿನ ಪೈಪೇ ಇರಬೇಕು. ಬಹಳ ಜೋರು. ಊಟ ಸೇರುವುದಿಲ್ಲ.

ಇದು ಬೇರೆ ಯಾರಿಗೂ ಗೊತ್ತಾಗುವ ಕೆಲಸ ಅಲ್ಲ. ನೀನೇ ಬಂದು ನೋಡಬೇಕು. ಕಿವಿ ಬೇಕಾಗಿಲ್ಲ, ಎಲ್ಲಿ ಬಡಿಯುತ್ತದೆ ಎಂದು ನಾನು ಕೈ ಹಿಡಿದು ತೋರಿಸುತ್ತೇನೆ.

ಬೇಗ ಬಾ.

ನಿನ್ನ ಮಗ


ಏಪ್ರಿಲ್ ೪

ಇಬ್ಬರಿಗೂ,

ನಿಮ್ಮ ಎರಡು ಕಾಗದವೂ ಒಂದೇ ಟಪಾಲಿನಲ್ಲಿ ಬಂದವು. ಒಂದರಲ್ಲಿ ಮನೆಯಲ್ಲಿ ಚೂರೂ ಸದ್ದಿಲ್ಲ ಎಂದಿದೆ. ಇನ್ನೊಂದರಲ್ಲಿ ಸದ್ದಿಗೆ ಊಟ ಸೇರುವುದಿಲ್ಲ ಎಂದಿದೆ. ತಾರೀಖು ಒಂದೇ, ಮೇಜೂ ಒಂದೇ. ನನಗೆ ಕಿವಿ ಹೋಗಿದೆ, ಬುದ್ಧಿ ಇನ್ನೂ ಹೋಗಿಲ್ಲ.

ಮಗನೇ, ನಲ್ಲಿ ಮುಚ್ಚಿ, ವಾಲ್ವೂ ಮುಚ್ಚಿದ ಮೇಲೆ, ನಿಂತ ನೀರಿನ ತಣ್ಣನೆಯ ಪೈಪು ಹೊತ್ತಿಗೆ ಸರಿಯಾಗಿ ಮೂರು ಸಲ ಬಡಿಯುವುದನ್ನು ನಲವತ್ತು ವರ್ಷದಲ್ಲಿ ನಾನು ಕಂಡಿಲ್ಲ, ಯಾರೂ ಕಂಡಿಲ್ಲ. ಅದೂ ಇರಲಿ. ಕಿಟಕಿಯ ಪಕ್ಕದ ಆ ಗೋಡೆಯಲ್ಲಿ ಪೈಪೇ ಇಲ್ಲ. ತಣ್ಣೀರಿನದೂ ಇಲ್ಲ, ಬಿಸಿನೀರಿನದೂ ಇಲ್ಲ. ಹಾಕಿದವನು ನಾನು, ನನಗೆ ಗೊತ್ತಿಲ್ಲವೇ?

ನಿನ್ನ ಕಾಗದವನ್ನು ಮಗಳಿಗೆ ತೋರಿಸಿದೆ. ಓದಿ, ನಕ್ಕು, ಆಮೇಲೆ ನನ್ನ ಹೆಗಲ ಮೇಲೆ ಕೈಯಿಟ್ಟಳು. ಚಿಕ್ಕವನಿದ್ದಾಗ ಗಾಜು ಒಡೆದರೂ "ನಾನೇ ಒಡೆದೆ" ಎಂದು ಬಂದು ನಿಲ್ಲುತ್ತಿದ್ದವನು ನೀನು. ಈ ವಯಸ್ಸಿನಲ್ಲಿ ಸುಳ್ಳು ಕಲಿಯಲು ಹೊರಟಿದ್ದೀಯ, ಅದನ್ನೂ ನೆಟ್ಟಗೆ ಹೇಳಲು ಬರಲಿಲ್ಲ. ನಾಲ್ಕು ದಿನದಿಂದ ಅದನ್ನು ಜೇಬಿನಲ್ಲಿ ಇಟ್ಟುಕೊಂಡು ಓಡಾಡುತ್ತಿದ್ದೇನೆ. ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ.

ಆದರೂ ಅಂಥ ಸದ್ದನ್ನು ಹಾಗೇ ಬಿಡಬಾರದು. ಶನಿವಾರ ಹನ್ನೊಂದರ ಬಸ್ಸಿಗೆ ಬರುತ್ತೇನೆ. ಪೈಪಿಲ್ಲದ ಗೋಡೆಯ ರಿಪೇರಿ, ಎಷ್ಟು ದಿನ ಹಿಡಿಯುತ್ತದೋ ಹೇಳಲು ಬರುವುದಿಲ್ಲ. ಬಟ್ಟೆಯನ್ನೆಲ್ಲ ತರುತ್ತಿದ್ದೇನೆ.

ಅಪ್ಪ